ಎರಡು ಪಾಳಿಯ ಸಂಸಾರ, ಒಂದು ಮಲ್ಲಿಗೆಯ ಕುಂಡ

ಠಾಕುರ್ಲಿಯಲ್ಲಿ ವಸಂತ ಬಂದುದನ್ನು ತಿಳಿಯಬೇಕಾದರೆ ಪಂಚಾಂಗವನ್ನೇ ನೋಡಬೇಕೆಂದು ನಮ್ಮವರಲ್ಲಿ ಕೆಲವರು ಹಾಸ್ಯ ಮಾಡುವುದುಂಟು. ಈ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಪಾಡ್ಯದ ದಿನ ಮರಾಠಿ ನೆರೆಯವರು ಗುಡಿಯನ್ನೇರಿಸಿ ಬೇವಿನೆಲೆ ಕಟ್ಟುವಾಗ ಘಟ್ಟದ ಮೇಲಿನ ನಮ್ಮವರು ಬೇವುಬೆಲ್ಲ ಹಂಚುತ್ತಾರೆ. ಏಪ್ರಿಲ್ ನಡುವಿನಲ್ಲಿ ಕರಾವಳಿಯವರು ಬಿಸುವಿನ ಕಣಿ ಇಡುತ್ತಾರೆ. ಅದೇ ಹೊತ್ತಿಗೆ ಮೂರನೆಯ ಮಾಳಿಗೆಯ ಗ್ಯಾಲರಿಯಲ್ಲಿ, ಕಬ್ಬಿಣದ ಸರಳುಗಳ ಹಿಂದೆ, ಮಲ್ಲಿಗೆಯ ಮೊದಲ ಮೊಗ್ಗು ಕಾಣಿಸಿಕೊಳ್ಳುತ್ತದೆ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ವಸಂತನಿಗೇತಕ್ಕೆ?

ಆದರೆ ಆ ಗಿಡಕ್ಕೆ ನೀರೆರೆಯುವವರು ಯಾರು? ಇದು ಸಣ್ಣ ಪ್ರಶ್ನೆಯಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಬಂದ ರೈಲು, ಮರುವರ್ಷ ಮೇ ತಿಂಗಳಲ್ಲಿ ಕಲ್ಯಾಣವನ್ನು ಮುಟ್ಟಿತು. ಅಂದಿನಿಂದ ಈ ಸೀಮೆಯ ಬದುಕು ಗಾಡಿಯ ಗಡಿಯಾರಕ್ಕೆ ಕಟ್ಟುಬಿದ್ದಿದೆ. ಮುಂಬಯಿಯ ಕೋಟೆ ಪ್ರದೇಶ ಇಲ್ಲಿಂದ ಸುಮಾರು 50 ಕಿಲೋಮೀಟರು ದೂರ. ಬೆಳಗಿನ ಪಾಳಿಯ ಹೋಟೆಲು ಕೆಲಸಗಾರನು ಸೂರ್ಯೋದಯಕ್ಕೆ ಮೊದಲೇ ಮನೆ ಬಿಡಬೇಕು. ಸಂಜೆಯ ಪಾಳಿಯವನು ಮನೆ ಸೇರುವಾಗ ನಡುರಾತ್ರಿ. ಗುಮಾಸ್ತರ ಅವಸ್ಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಈಗಂತೂ ಅನೇಕ ಮನೆಗಳಲ್ಲಿ ಗಂಡಹೆಂಡಿರಿಬ್ಬರೂ ದುಡಿಯುತ್ತಾರೆ. ಒಂದೇ ಸೂರಿನಡಿ ಇದ್ದರೂ, ಎಚ್ಚರದ ಒಂದು ಗಂಟೆಯನ್ನು ಒಟ್ಟಿಗೆ ಕಳೆಯದೆ ವಾರವನ್ನೇ ನೂಕುವ ದಂಪತಿಗಳನ್ನು ನಾವು ಬಲ್ಲೆವು.

ಅಂಥ ಒಂದು ಸಂಸಾರದ ಮಾತನ್ನು ಇಲ್ಲಿ ಹೇಳಬಹುದು. ಯಜಮಾನರು ದಾದರಿನ ಹೋಟೆಲೊಂದರ ಗಲ್ಲದಲ್ಲಿ ಕೂರುವವರು; ಮನೆಯಾಕೆ ಠಾಣೆಯಲ್ಲಿ ಗುಮಾಸ್ತೆ. ಊರಿನಿಂದ ತಂದ ಮಲ್ಲಿಗೆಯ ಗಿಡಕ್ಕೆ ಮೊದಲನೆಯ ವರ್ಷ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ನೀರೆರೆದರು. ಬೇರು ಕೊಳೆಯಿತು. ಎರಡನೆಯ ವರ್ಷ ಹೊಸ ಗಿಡ ಬಂದಿತು. ಇವರು ಹಾಕಿಯಾರೆಂದು ಆಕೆ, ಆಕೆ ಹಾಕಿಯಾಳೆಂದು ಇವರು, ಹೀಗೆ ಇಬ್ಬರೂ ಸುಮ್ಮನಿದ್ದರು. ಗಿಡ ಒಣಗಿತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಒಂದು ಒಪ್ಪಂದವಾಯಿತು: ನೀರೆರೆದವರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆಯತಕ್ಕದ್ದು.

ಕೆಲವು ದಿನಗಳಲ್ಲಿ ಆ ಗೆರೆಯ ಪಕ್ಕದಲ್ಲಿ ಅಕ್ಷರಗಳು ಮೂಡತೊಡಗಿದವು. ‘ಒಂಬತ್ತು ಮೊಗ್ಗು.’ ‘ಹಾಲು ಒಡೆದಿದೆ, ಚಹಾಕ್ಕೆ ಬೇರೆ ತನ್ನಿ.’ ‘ಮೊಣಕಾಲು ನೋವು ಹೇಗಿದೆ?’ ಬಾಯಿಬಿಟ್ಟು ಆಡಲು ಸಮಯವಿಲ್ಲದ ಮಾತುಗಳೆಲ್ಲ ಗಿಡದ ನೆಪದಿಂದ ಗೋಡೆಯನ್ನೇರಿದವು. ಆ ಮನೆಯಲ್ಲಿ ಮಲ್ಲಿಗೆ ಹೂ ಬಿಟ್ಟುದು ಸಂತೋಷದ ಸಂಗತಿಯೇ ಸರಿ. ಆದರೆ ಹೂವಿಗಿಂತ ಮೊದಲು ಅರಳಿದುದು ಯಾವುದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ.

ಮಲ್ಲಿಗೆಗೂ ದಾಂಪತ್ಯಕ್ಕೂ ಕನ್ನಡದಲ್ಲಿ ಹಳೆಯ ನಂಟು. 1942ರಲ್ಲಿ ಪ್ರಕಟವಾದ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯು ಗಂಡಹೆಂಡಿರ ನಿತ್ಯದ ಬಾಳನ್ನೇ ಕಾವ್ಯಕ್ಕೆ ಏರಿಸಿತು. ನಮ್ಮ ಗ್ಯಾಲರಿಗಳಲ್ಲಿ ಕಾವ್ಯಕ್ಕೆ ಸ್ಥಳ ಕಡಿಮೆಯಿರಬಹುದು. ಆದರೆ ಹನ್ನೆರಡು ಅಂಗುಲದ ಒಂದು ಕುಂಡಕ್ಕೆ ಸ್ಥಳವಿದ್ದೇ ಇರುತ್ತದೆ.

ಇನ್ನು ಕೆಲಸದ ಮಾತು. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯ ಬಿಸಿಲು ಬೇಕು. ಹೂವು ಹೊಸ ಚಿಗುರಿನಲ್ಲಿ ಬರುವುದರಿಂದ, ಒಂದು ಸುತ್ತು ಹೂ ಮುಗಿದೊಡನೆ ಟೊಂಗೆಯ ತುದಿಗಳನ್ನು ಚಿವುಟಬೇಕು. ತುಳಸಿಯ ಕದಿರನ್ನು ಕಾಲಕಾಲಕ್ಕೆ ತೆಗೆದರೆ ಎಲೆ ಹೆಚ್ಚುತ್ತದೆ. ಮಾಯಾಳು ಎಂದು ಇಲ್ಲಿನ ಮಾರುಕಟ್ಟೆಯಲ್ಲಿ ಕರೆಯುವ ನಮ್ಮ ಬಸಳೆಗೆ ಬೀಜವೇ ಬೇಕಾಗಿಲ್ಲ. ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಗೇಣುದ್ದದ ದಂಟನ್ನು, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ನೆಟ್ಟು, ಸರಳಿಗೆ ಒಂದು ಹಗ್ಗ ಕಟ್ಟಿದರೆ ಸಾಕು. ಬಳ್ಳಿ ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಬೇಸಗೆಯಲ್ಲಿ ನೀರಿನ ಕಡಿತವಿರುವಾಗ ಗಿಡಕ್ಕೆಲ್ಲಿಯ ನೀರೆಂಬ ಆಕ್ಷೇಪ ನ್ಯಾಯವಾದುದೇ. ಅಕ್ಕಿ ಬೇಳೆ ತೊಳೆದ ನೀರನ್ನು ಚೆಲ್ಲದೆ ಒಂದು ಬಕೆಟಿನಲ್ಲಿ ಹಿಡಿದಿಟ್ಟು ಅಂದಂದೇ ಎರೆದರೆ ನಾಲ್ಕು ಕುಂಡಗಳಿಗೆ ಸಾಲುತ್ತದೆ. ಉಪ್ಪು ಅಥವಾ ಸಾಬೂನು ಬೆರೆತ ನೀರು ಮಾತ್ರ ಸಲ್ಲದು. ಮಣ್ಣಿನ ಮೇಲೆ ತೆಂಗಿನ ನಾರನ್ನು ಹಾಸಿದರೆ ತೇವ ಬೇಗ ಆರುವುದಿಲ್ಲ. ಬೆರಳಿನ ಮೊದಲ ಗೆಣ್ಣಿನಷ್ಟು ಆಳದಲ್ಲಿ ಮಣ್ಣು ಒಣಗಿದ್ದರೆ ನೀರೆರೆಯಬೇಕು, ಇಲ್ಲವಾದರೆ ಬೇಡ. ಮುಂಜಾನೆ ಅಥವಾ ಸೂರ್ಯಾಸ್ತದ ಅನಂತರದ ಹೊತ್ತೇ ಇದಕ್ಕೆ ಲೇಸು. ನಮ್ಮ ಪಾಳಿಗಳಿಗೂ ಇದು ಹೊಂದುವ ಹೊತ್ತೇ ಆಗಿದೆ.

ಎರಡು ಎಚ್ಚರಿಕೆಗಳನ್ನು ಹೇಳದಿರುವಂತಿಲ್ಲ. ಕುಂಡದಡಿಯ ತಟ್ಟೆಯಲ್ಲಿ ನಿಂತ ತಿಳಿನೀರಿನಲ್ಲಿ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನಗಳು ಸಾಕಾದುದರಿಂದ, ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಚೆಲ್ಲಿ ಉಜ್ಜಿ ತೊಳೆಯಬೇಕು. ಎರಡನೆಯದಾಗಿ, ನೆನೆದ ಮಣ್ಣು ಬಹಳ ಭಾರ. 2015ರ ಜುಲೈಯಲ್ಲಿ ಠಾಕುರ್ಲಿಯಲ್ಲಿಯೇ ಹಳೆಯ ಕಟ್ಟಡವೊಂದು ಕುಸಿದು ಜೀವಹಾನಿಯಾದುದನ್ನು ಇಲ್ಲಿನವರು ಮರೆತಿಲ್ಲ. ಆ ದುರಂತಕ್ಕೂ ಕುಂಡಗಳಿಗೂ ಸಂಬಂಧವಿಲ್ಲ. ಆದರೂ ಹಳೆಯ ಮನೆಗಳ ಗ್ಯಾಲರಿಯಲ್ಲಿ ಭಾರ ಹೇರದಿರುವುದು ವಿವೇಕ. ಅರ್ಧ ಮಣ್ಣಿಗೆ ಅರ್ಧ ತೆಂಗಿನ ನಾರಿನ ಪುಡಿಯನ್ನೂ ಗೊಬ್ಬರವನ್ನೂ ಬೆರೆಸಿದರೆ ಕುಂಡ ಹಗುರಾಗುತ್ತದೆ. ಸರಳಿನ ಹೊರಗೆ ಕುಂಡವನ್ನು ತೂಗುಹಾಕುವುದಂತೂ ಕೆಳಗೆ ನಡೆಯುವವರ ತಲೆಗೆ ಅಪಾಯ.

ಗಿಡದ ಕೆಲಸ ಹೆಂಗಸರದೆಂದು ಕೈಕಟ್ಟಿ ಕೂರುವ ಗಂಡಸರಿಗೆ ಒಂದು ಮಾತು. ಹೋಟೆಲಿನಲ್ಲಿ ನೂರು ಮಂದಿಗೆ ನೀರಿಡುವ ಕೈಗೆ ಮನೆಯಲ್ಲಿ ಒಂದು ಚೊಂಬು ನೀರೆರೆಯುವುದು ಹೊರೆಯಾಗಬಾರದು. ನೀರು ತುಂಬುವುದೂ ಕುಂಡ ಎತ್ತುವುದೂ ಗಂಡನ ಪಾಲಿಗಿರಲಿ. ಹೂ ಕೊಯ್ಯುವ ಹಕ್ಕನ್ನು ಇಬ್ಬರೂ ಹಂಚಿಕೊಳ್ಳಲಿ. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ದುಡಿಯುವವರು ಕೋಣೆಯ ಕಿಟಕಿಯಲ್ಲಿ ಒಂದು ಬಸಳೆ ನೆಡಲಿ. ದೂರವಾಣಿಯಲ್ಲಿ ಹಣದ ಮಾತು, ಸಾಲದ ಮಾತು ಮುಗಿದ ಮೇಲೂ ‘ಬಳ್ಳಿ ಎಲ್ಲಿಯವರೆಗೆ ಬಂದಿತು?’ ಎಂದು ಅತ್ತಲಿಂದ ಕೇಳಲು ಒಂದು ವಿಷಯವಿರುತ್ತದೆ.

ಮಳೆಗಾಲಕ್ಕೆ ಇನ್ನೂ ಸಮಯವಿದೆ. ವಾರದ ರಜೆಯ ದಿನ ದಂಪತಿಗಳು ಜೊತೆಯಾಗಿ ಹೋಗಿ ಒಂದು ಗಿಡ ತರಲಿ. ಒಂದು ಚೊಂಬು ನೀರಿನ ಲೆಕ್ಕದಲ್ಲಿಯಾದರೂ ಇಬ್ಬರೂ ಒಬ್ಬರನ್ನೊಬ್ಬರು ದಿನವೂ ವಿಚಾರಿಸಿಕೊಳ್ಳುವಂತಾದರೆ ಆ ಗಿಡದ ಬೆಲೆ ಸಂದಂತೆಯೇ ಎಂದು ನಾವು ನಂಬುತ್ತೇವೆ.