ಸಿಡಿ ಪ್ಲೇಯರ್ ಬದಲಿಸೋ ಮುಂಚೆ ಇದನ್ನ ಕೇಳಿ

ಮನೇಲಿರೋ ಹಳೇ ಸಿಡಿ ಪ್ಲೇಯರ್ ಕೊಟ್ಟು ಹೊಸದು ತರೋಣ ಅನ್ನಿಸ್ತಿದೆಯಾ? ಸ್ವಲ್ಪ ತಾಳಿ.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಆಗ ಸೋನಿ, ಫಿಲಿಪ್ಸ್ ಸೇರಿ ಗೊತ್ತು ಮಾಡಿದ ಲೆಕ್ಕವೇ ಇವತ್ತಿಗೂ ನಡೀತಿದೆ: 16 ಬಿಟ್, ಸೆಕೆಂಡಿಗೆ 44,100 ಸ್ಯಾಂಪಲ್. ಎಷ್ಟೇ ದುಬಾರಿ ಪ್ಲೇಯರ್ ಆದ್ರೂ ಓದೋದು ಅದೇ ಅಂಕಿಗಳನ್ನ. ಆ ಅಂಕಿಗಳನ್ನ ಸಂಗೀತದ ಸಿಗ್ನಲ್ ಮಾಡೋದು ಒಳಗಿರೋ ಡ್ಯಾಕ್ ಅನ್ನೋ ಚಿಪ್.

ಪ್ಲೇಯರ್ ಹಿಂಭಾಗ ನೋಡಿ. ಆಪ್ಟಿಕಲ್ ಅಥವಾ ಕೊಯಾಕ್ಸಿಯಲ್ ಔಟ್‌ಪುಟ್ ಇದೆಯಾ? ಹಾಗಿದ್ರೆ ಪ್ಲೇಯರ್ ಅದೇ ಇರಲಿ, ಹೊರಗಿಂದ ಒಂದು ಡ್ಯಾಕ್ ಜೋಡಿಸಬಹುದು.

ಹಾಡು ಎಗರ್ತಿದ್ರೆ ಮೊದಲು ಬೇರೆ ಸಿಡಿ ಹಾಕಿ ನೋಡಿ, ಆಮೇಲೆ ಲೆನ್ಸ್ ಮೇಲಿನ ಧೂಳು ತೆಗೆಸಿ. ಟ್ರೇ ಹೊರಗೆ ಬರ್ತಿಲ್ವಾ? ಎಷ್ಟೋ ಸಲ ಬಳೆಯಂಥ ಒಂದು ಪುಟ್ಟ ರಬ್ಬರ್ ಬೆಲ್ಟ್ ಸಡಿಲ ಆಗಿರುತ್ತೆ, ಅಷ್ಟೇ.

ಹೊಸದನ್ನ ಕೇಳಿಯೇ ನೋಡ್ಬೇಕಾ? ನಿಮಗೆ ಬಾಯಿಪಾಠ ಆಗಿರೋ ಸಿಡಿ ತಗೊಂಡು ಹೋಗಿ. ಮಲ್ಲಿಕಾರ್ಜುನ ಮನ್ಸೂರರ ಗಾಯನ ಅಂತಿಟ್ಕೊಳ್ಳಿ. ತಂಬೂರಿಯ ಝೇಂಕಾರ ಕೇಳಿ, ತಾನಿನ ನಡುವೆ ಅವರು ಉಸಿರು ಎಳೆಯೋದನ್ನ ಆಲಿಸಿ. ಎರಡೂ ಪ್ಲೇಯರ್‌ಗಳ ವಾಲ್ಯೂಮ್ ಮಾತ್ರ ಒಂದೇ ಮಟ್ಟದಲ್ಲಿರಲಿ. ಯಾಕಂದ್ರೆ, ಒಂಚೂರು ಜೋರಾಗಿರೋದೇ ಕಿವಿಗೆ ಚೆನ್ನ ಅನ್ನಿಸುತ್ತೆ. ನಾವು ಏಮಾರೋದೇ ಇಲ್ಲಿ.

ಲೇಸರ್ ಹೋಗಿ, ಬಿಡಿಭಾಗವೂ ಸಿಗದಿದ್ರೆ ಧಾರಾಳವಾಗಿ ಬದಲಿಸಿ. ಪ್ಲೇಯರ್ ಚೆನ್ನಾಗಿ ಓಡ್ತಿದ್ರೆ? ಇವತ್ತೇ ಸ್ಪೀಕರನ್ನ ಗೋಡೆಯಿಂದ ಒಂದೆರಡು ಅಡಿ ಮುಂದೆ ಎಳೆದಿಟ್ಟು ಕೇಳಿ. ಕೈಲಿರೋ ದುಡ್ಡು ಒಳ್ಳೇ ಸ್ಪೀಕರ್‌ಗೆ ಹೋಗಲಿ.