ಎರಡೇ ನಿಮಿಷದ ವಿಮಾನ ಪ್ರಯಾಣ

ಬೆಂಗಳೂರು ವಿಮಾನ ನಿಲ್ದಾಣದ ಒಂದು ರನ್‌ವೇ ಉದ್ದ 4 ಕಿಲೋಮೀಟರ್. ಈಗ ನಾನು ಹೇಳೋ ವಿಮಾನ ಪ್ರಯಾಣದ ಪೂರ್ತಿ ದೂರ ಸುಮಾರು 2.7 ಕಿಲೋಮೀಟರ್ ಅಷ್ಟೇ!

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಿವೆ. ಅಲ್ಲಿನ ವೆಸ್ಟ್ರೇ, ಪಾಪಾ ವೆಸ್ಟ್ರೇ ದ್ವೀಪಗಳ ನಡುವೆ ಲೋಗನ್‌ಏರ್ ಅನ್ನೋ ವಿಮಾನ ಕಂಪನಿ 1967ರಿಂದ ವಿಮಾನ ಓಡಿಸ್ತಿದೆ. ದಿನನಿತ್ಯದ ವಿಮಾನಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕ ಹಾರಾಟ ಇದು. ವೇಳಾಪಟ್ಟಿ ಪ್ರಕಾರ ಎರಡು ನಿಮಿಷ. ದಾಖಲೆ? 53 ಸೆಕೆಂಡು!

ಲೆಕ್ಕ ಹಾಕಿ ನೋಡಿ. ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಈ ದೂರಕ್ಕೆ 40 ಸೆಕೆಂಡು ಸಾಕು. ಆದರೆ ವಿಮಾನ ಆ ವೇಗ ಹಿಡಿಯೋ ಹೊತ್ತಿಗೆ ಇಳಿಯೋ ಸಮಯ ಬಂದೇಬಿಡುತ್ತೆ. ಮೇಲೇರೋದು, ರನ್‌ವೇ ಕಡೆ ತಿರುಗೋದು, ಇಳಿಯೋದು, ಸಮಯವೆಲ್ಲ ಇದಕ್ಕೇ ಸರಿಹೋಗುತ್ತೆ. ಗಾಳಿ ಬೆನ್ನಿಗಿದ್ದರೆ ಬೇಗ, ಎದುರಾದರೆ ತಡ.

ಪುಟ್ಟ ಐಲ್ಯಾಂಡರ್ ವಿಮಾನ. ಪೈಲಟ್ ಪಕ್ಕದ ಸೀಟಿನಲ್ಲೂ ಪ್ರಯಾಣಿಕರು ಕೂರ್ತಾರೆ, ಎಂಥ ಭಾಗ್ಯ!

ಪಾಪಾ ವೆಸ್ಟ್ರೇಯಲ್ಲಿ ಇರೋದು ನೂರಕ್ಕೂ ಕಡಿಮೆ ಜನ. ಮೇಷ್ಟ್ರು, ಡಾಕ್ಟರು, ರೋಗಿಗಳು ಎಲ್ಲರಿಗೂ ಇದು ಬಸ್ಸಿದ್ದ ಹಾಗೆ. ಅಷ್ಟೇ ಅಷ್ಟು ಜನರಿಗೆ ವಿಮಾನ ಬೇಕಾ? ಖಂಡಿತ ಬೇಕು.