ನನ್ನಿವಾಳದಿಂದ ಆಡೋನಿಗೂ ಲ್ಯಾಗ್ ಆಗದ ಹಾಗೆ ಮೈನ್‌ಕ್ರಾಫ್ಟ್ ಸರ್ವರ್

ನಮ್ಮ ಹಾಸ್ಟೆಲ್‌ನಲ್ಲಿ ಒಂದು ಹಳೇ ಲ್ಯಾಪ್‌ಟಾಪ್ ಮೇಲೆ ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಓಡ್ತಾ ಇದೆ. ಆರು ಜನ, ಒಂದೇ ಫ್ಲೋರ್, ಒಂದೇ ರೂಟರ್. ಹಾಗಾಗಿ ಸೆಟ್ಟಿಂಗ್ಸ್ ಕಡೆ ನಾವು ಯಾವತ್ತೂ ತಲೆ ಹಾಕಿರಲಿಲ್ಲ. ಕಳೆದ ಸೆಮಿಸ್ಟರ್ ಮಧ್ಯದಲ್ಲಿ ನಮ್ಮಲ್ಲೊಬ್ಬ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳಕ್ಕೆ, ಅಂದ್ರೆ ಅವನ ಊರಿಗೆ ಹೊರಟ. ಅಪ್ಪನಿಗೆ ಹುಷಾರಿಲ್ಲ, ಶೇಂಗಾ ಕೀಳೋ ಸಮಯ ಬೇರೆ. "ರಾತ್ರಿ ಆಡೋಕೆ ಬರ್ತೀನಿ, ನನ್ನ ಮನೆ ಮುಟ್ಟಬೇಡಿ" ಅಂತ ಹೇಳಿ ಹೋದ. ಅವನು ಹೇಳಿದ್ದು ಗೇಮ್ ಒಳಗಿನ ಮನೆ.

ಮೊದಲನೇ ತೊಂದರೆ, ಅವನು ಒಳಗೆ ಬರೋದೇ ಹೇಗೆ? ಸರ್ವರ್ ಕೇಳಿಸಿಕೊಳ್ಳೋದು 25565 ಅನ್ನೋ ಪೋರ್ಟ್‌ನಲ್ಲಿ. ಆದರೆ ಹಾಸ್ಟೆಲ್ ವೈಫೈಗೆ ಹೊರಗಿನಿಂದ ನೇರ ದಾರಿ ಇಲ್ಲ. ನೂರಾರು ಜನ ಒಂದೇ ಪಬ್ಲಿಕ್ ಐಪಿ ಹಂಚಿಕೊಂಡಿರ್ತೀವಿ. ದೊಡ್ಡ ಹಾಸ್ಟೆಲ್‌ಗೆ ರೂಮ್ ನಂಬರ್ ಇಲ್ಲದೆ ಬರೆದ ಕಾಗದದ ಹಾಗೆ, ಗೇಟ್ ತನಕ ಬರುತ್ತೆ, ಅಲ್ಲೇ ನಿಲ್ಲುತ್ತೆ. ನಾವು ಟೇಲ್‌ಸ್ಕೇಲ್ ಹಾಕಿದ್ವಿ. ಎರಡೂ ಕಡೆ ಇನ್‌ಸ್ಟಾಲ್ ಮಾಡಿದ್ರೆ ಎರಡೂ ಮಷೀನು ಒಂದೇ ಖಾಸಗಿ ನೆಟ್‌ವರ್ಕ್‌ನಲ್ಲಿ ಇರೋ ಹಾಗೆ ನಡೆದುಕೊಳ್ಳುತ್ತವೆ. 100 ರಿಂದ ಶುರುವಾಗೋ ಒಂದು ಅಡ್ರೆಸ್ ಸಿಗುತ್ತೆ, ಅದನ್ನ ಗೇಮ್‌ನಲ್ಲಿ ಟೈಪ್ ಮಾಡಿದ್ರೆ ಆಯ್ತು.

ಬಂದ. ನಾಲ್ಕು ನಿಮಿಷ ಇದ್ದ. ಹೋದ.

ಅವತ್ತಿನಿಂದ ಮೂರು ರಾತ್ರಿ ಇದೇ ಕಥೆ. ಮಹಡಿ ಮೇಲೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಕೂತಿರ್ತಿದ್ದ. ಚಳ್ಳಕೆರೆ ತಾಲ್ಲೂಕಲ್ಲಿ 2017 ರಿಂದ ಡಿಆರ್‌ಡಿಒ ಟೆಸ್ಟ್ ರೇಂಜ್ ಇದೆ, ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಇದೆ. "ಅಲ್ಲಿ ಡ್ರೋನ್ ಹಾರ್ತಾವೆ, ನನ್ ಕೋಳಿ ಮಾತ್ರ ಗಾಳೀಲಿ ನಿಂತಿದೆ ಕಣ್ರೋ" ಅಂತ ಮೆಸೇಜ್ ಮಾಡಿದ. ನಾವು ನಕ್ಕು, ನಿನ್ನ ನೆಟ್ ಸರಿ ಇಲ್ಲ ಅಂದ್ವಿ. ಪೂರ್ತಿ ತಪ್ಪು ಅವನ ನೆಟ್‌ದಲ್ಲ ಅಂತ ಆಮೇಲೆ ಗೊತ್ತಾಯ್ತು.

ಲ್ಯಾಗ್ ಅಂತ ನಾವು ಕರೆಯೋದು ಎರಡು ಬೇರೆ ಕಾಯಿಲೆಗಳನ್ನ. ಸರ್ವರ್ ಸೆಕೆಂಡಿಗೆ 20 ಸಲ ಇಡೀ ಲೋಕವನ್ನ ಮುಂದಕ್ಕೆ ತಳ್ಳುತ್ತೆ; ಒಂದೊಂದು ಟಿಕ್‌ಗೆ 50 ಮಿಲಿಸೆಕೆಂಡ್. ಪ್ರೊಸೆಸರ್ ಅಷ್ಟರಲ್ಲಿ ಮುಗಿಸದಿದ್ರೆ ಎಲ್ಲರಿಗೂ ಒಟ್ಟಿಗೆ ನಿಧಾನ ಆಗುತ್ತೆ, ಕನ್ಸೋಲ್‌ನಲ್ಲಿ "ಕಾಂಟ್ ಕೀಪ್ ಅಪ್" ಅಂತ ಬರುತ್ತೆ. ಒಬ್ಬನಿಗೆ ಮಾತ್ರ ಆಗ್ತಿದ್ರೆ ಅದು ಬಹುಪಾಲು ದಾರಿಯ ತೊಂದರೆ. ನಮ್ಮ ಕನ್ಸೋಲ್ ಕ್ಲೀನ್ ಆಗಿತ್ತು. ಅಂದ್ರೆ ದಾರಿ.

ಆಗ ಸರ್ವರ್ ಡಾಟ್ ಪ್ರಾಪರ್ಟೀಸ್ ಫೈಲ್ ತೆಗೆದು ಒಂದೊಂದೇ ಸಾಲು ಓದಿದ್ವಿ. ನೆಟ್‌ವರ್ಕ್ ಕಂಪ್ರೆಶನ್ ಥ್ರೆಶೋಲ್ಡ್ ಎದುರು -1 ಇತ್ತು. ಡೀಫಾಲ್ಟ್ 256, ಅಂದ್ರೆ 256 ಬೈಟ್ ಮುಟ್ಟಿದ ಪ್ಯಾಕೆಟ್‌ಗಳನ್ನ ಕುಗ್ಗಿಸಿ ಕಳಿಸು ಅಂತ. -1 ಅಂದ್ರೆ ಏನನ್ನೂ ಕುಗ್ಗಿಸಲೇಬೇಡ. ಯಾವುದೋ ವಿಡಿಯೋದಲ್ಲಿ "ಲ್ಯಾಗ್ ಹೋಗುತ್ತೆ" ಅಂದಿದ್ರು ಅಂತ ನಾವೇ ಹಾಕಿದ್ದು! ಒಂದೇ ರೂಟರ್‌ನಲ್ಲಿ ಆಡೋರಿಗೆ ಅದು ಸರಿಯಾದ ಸಲಹೆಯೇ. ದಾರಿ ಅಗಲ ಇದೆ, ಪ್ರೊಸೆಸರ್‌ಗೆ ಸ್ವಲ್ಪ ಕೆಲಸ ಉಳಿಯುತ್ತೆ. ಆದರೆ ಊರಿನಲ್ಲಿ ದಿನಕ್ಕೆ ಇಷ್ಟೇ ಜಿಬಿ ಅಂತ ಲೆಕ್ಕ ಹಾಕಿಕೊಂಡು ಆಡೋನಿಗೆ ನಾವು ಹಿಂಡದೆ ಒದ್ದೆ ಕಂಬಳಿ ಹೊರಿಸಿದ ಹಾಗಾಗಿತ್ತು. 256ಕ್ಕೆ ವಾಪಸ್ ಹಾಕಿದ್ವಿ. (ಫೈಲ್ ಬದಲಾಯಿಸಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡ್ಬೇಕು. ನಾವು ಮರೆತು ಅರ್ಧ ಗಂಟೆ ವೇಸ್ಟ್ ಮಾಡಿದ್ವಿ.)

ಇನ್ನೊಂದು ವ್ಯೂ ಡಿಸ್ಟೆನ್ಸ್, ಅಂದ್ರೆ ಆಟಗಾರನ ಸುತ್ತ ಎಷ್ಟು ದೂರದ ತನಕ ನೆಲ ಕಳಿಸಬೇಕು ಅನ್ನೋದು. ನೆಲ ಹೋಗೋದು ಚಂಕ್ ಲೆಕ್ಕದಲ್ಲಿ, ಒಂದು ಚಂಕ್ ಅಂದ್ರೆ 16×16 ಬ್ಲಾಕ್. ಡೀಫಾಲ್ಟ್ 10 ಇದ್ರೆ ಅವನ ಸುತ್ತ ಅಂದಾಜು 21×21, ಅಂದ್ರೆ 441 ಚಂಕ್. 6 ಮಾಡಿದ್ರೆ 13×13, ಅಂದ್ರೆ 169. ಸಂಖ್ಯೆ ಅರ್ಧಕ್ಕೂ ಇಳಿದಿಲ್ಲ, ಹೊರೆ ಮಾತ್ರ 60% ಗಿಂತ ಜಾಸ್ತಿ ಇಳೀತು. ವರ್ಗ ಆಗೋದ್ರಿಂದ ಹೀಗೆ. ಮ್ಯಾಥ್ಸ್ ಕ್ಲಾಸ್ ಒಂದು ಕಡೆ ಉಪಯೋಗಕ್ಕೆ ಬಂತು. ಇದರ ಪಕ್ಕದಲ್ಲೇ ಇರೋ ಸಿಮ್ಯುಲೇಶನ್ ಡಿಸ್ಟೆನ್ಸ್ ಬೇರೆ: ಎಷ್ಟು ದೂರದ ತನಕ ಬೆಳೆ ಬೆಳೀಬೇಕು, ಪ್ರಾಣಿ ಓಡಾಡಬೇಕು ಅನ್ನೋದು. ಅದರ ಭಾರ ಮುಖ್ಯವಾಗಿ ಪ್ರೊಸೆಸರ್ ಮೇಲೆ, ಅದನ್ನ ಮುಟ್ಟಲಿಲ್ಲ.

ದೂರದ ಗುಡ್ಡ ಮಂಜಲ್ಲಿ ಮುಚ್ಚಿಹೋಯ್ತು ಅಂತ ಇಲ್ಲಿದ್ದವರು ಇಬ್ಬರು ಗಲಾಟೆ ಮಾಡಿದ್ರು. ಗುಡ್ಡ ಬೇಕೋ ಅವನು ಬೇಕೋ ಅಂತ ಕೇಳಿದ್ವಿ.

ನಿದ್ದೆಯದ್ದೂ ಒಂದು ಜಗಳ. ಗೇಮ್‌ನಲ್ಲಿ ರಾತ್ರಿ ಕಳೀಬೇಕಾದ್ರೆ ಎಲ್ಲರೂ ಮಲಗಬೇಕು. ಅವನು ಫ್ರೀಜ್ ಆಗಿ ನಿಂತ್ರೆ ಯಾರಿಗೂ ಬೆಳಕು ಹರಿಯಲ್ಲ. "ಅವನನ್ನ ಕಿಕ್ ಮಾಡಿ" ಅನ್ನೋ ಮಾತು ಬರ್ತಿದ್ದದ್ದೇ ಆಗ. ಅದಕ್ಕೆ ಗೇಮ್‌ರೂಲ್ ಇದೆ, ಪ್ಲೇಯರ್ಸ್ ಸ್ಲೀಪಿಂಗ್ ಪರ್ಸೆಂಟೇಜ್. 100 ಇದ್ದದ್ದನ್ನ 50 ಮಾಡಿದ್ವಿ, ಮೂರು ಜನ ಮಲಗಿದ್ರೆ ಸಾಕು. ಕಿಕ್ ಮಾತು ನಿಂತಿತು.

ಒಂದನ್ನ ಮಾತ್ರ ನೀವು ಮಾಡ್ಬೇಡಿ. ಅಕೌಂಟ್ ಇಲ್ಲದ ಜೂನಿಯರ್ ಒಬ್ಬನಿಗಾಗಿ ನಾವು ಆನ್‌ಲೈನ್ ಮೋಡ್ ಅನ್ನ ಫಾಲ್ಸ್ ಮಾಡಿದ್ವಿ. ಹಾಗೆ ಮಾಡಿದ್ರೆ ಯಾರು ಯಾರ ಹೆಸರಲ್ಲಾದ್ರೂ ಬರಬಹುದು, ಅದು ಗೊತ್ತಿತ್ತು. ಗೊತ್ತಿಲ್ಲದ್ದು ಏನಂದ್ರೆ, ಆ ಮೋಡ್‌ನಲ್ಲಿ ಪ್ರತಿಯೊಬ್ಬನ ಐಡಿ ಬದಲಾಗುತ್ತೆ, ಚೀಲ ಸೇವ್ ಆಗಿರೋದು ಆ ಐಡಿ ಹೆಸರಲ್ಲಿ. ಅವತ್ತು ರಾತ್ರಿ ಹತ್ತಕ್ಕೆ ಅವನು ಬಂದಾಗ ಕೈ ಖಾಲಿ. ಐದು ನಿಮಿಷ ಏನೂ ಟೈಪ್ ಮಾಡ್ಲಿಲ್ಲ. ನಾವೇ ಕದ್ದಿದ್ದೀವಿ ಅಂದುಕೊಂಡಿದ್ದ. ಪುಣ್ಯಕ್ಕೆ ಹಳೇ ಫೈಲ್ ಅಳಿಸಿಹೋಗಿರಲ್ಲ; ಟ್ರೂ ಮಾಡಿ ರೀಸ್ಟಾರ್ಟ್ ಮಾಡಿದ್ಮೇಲೆ ಎಲ್ಲ ವಾಪಸ್ ಬಂತು. ವೈಟ್‌ಲಿಸ್ಟೂ ಅವತ್ತೇ ಆನ್ ಮಾಡಿದ್ವಿ.

ಈಗ ಅವನು ಕ್ಯಾಂಪಸ್‌ಗೆ ಬಂದಿದ್ದಾನೆ, ಪಕ್ಕದ ರೂಮಲ್ಲೇ ಕೂತು ಆಡ್ತಾನೆ. ವ್ಯೂ ಡಿಸ್ಟೆನ್ಸ್ 10ಕ್ಕೆ ಏರಿಸೋಣ್ವಾ ಅಂತ ಕೇಳಿದ್ವಿ. ಇನ್ನೊಂದು ಸಲ ಊರಿಗೆ ಹೋಗೋದಿದೆ, 6 ಇರಲಿ ಬಿಡಿ ಅಂದ.